ಶನಿವಾರದ ನಡುಕ

ನನಗೆ ಸಕ್ಕರೆ ಕಾಯಿಲೆ ಎಂದರೆ ಯಾರೂ ಹುಬ್ಬೇರಿಸುವುದಿಲ್ಲ. ನಮ್ಮ ಭಜನಾ ಮಂಡಳಿಯಲ್ಲಿ ಅದು ಇಲ್ಲದವರು ಯಾರಿದ್ದಾರೆ? ಚೀಲದಿಂದ ತಾಳ ಹೊರಗೆ ಬರುವ ಮೊದಲೇ ಮಾತ್ರೆಯ ಡಬ್ಬಿಗಳು ಹೊರಗೆ ಬರುತ್ತವೆ. ಒಬ್ಬಳು ಮೆಂತೆ ನೆನೆಸಿ ಕುಡಿ ಎನ್ನುತ್ತಾಳೆ, ಇನ್ನೊಬ್ಬಳು ಹಾಗಲಕಾಯಿ ರಸ ಎನ್ನುತ್ತಾಳೆ, ಮತ್ತೊಬ್ಬಳು ಎರಡಕ್ಕೂ ತಲೆಯಾಡಿಸುತ್ತ ಹೋಳಿಗೆ ತಿನ್ನುತ್ತಾಳೆ. ಹೃದಯ ಕೆಟ್ಟವರಿಗಾದರೆ ಜನ ಕುರ್ಚಿ ಬಿಟ್ಟುಕೊಡುತ್ತಾರೆ. ನಮಗೆ ಸಿಗುವುದು ಸಕ್ಕರೆ ಇಲ್ಲದ ಚಹಾ, ಅಷ್ಟೇ. ಇಂಥ ಸಾಮಾನ್ಯ ಕಾಯಿಲೆ ಒಬ್ಬರ ನಡಿಗೆಯನ್ನೇ ಕಿತ್ತುಕೊಂಡೀತು, ಅದೂ ಕಾಯಿಲೆ ಇದ್ದವಳದ್ದಲ್ಲ, ಪಕ್ಕದಲ್ಲಿ ಕೂತವರದ್ದು, ಎಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ.

ವಾಶಿಯ ಡಾಕ್ಟರ ವೇಟಿಂಗ್ ರೂಮಿನಲ್ಲಿ ಕೂತಾಗಲೆಲ್ಲ ನಾನು ಸುತ್ತಲಿನ ಮುಖಗಳನ್ನು ನೋಡುತ್ತೇನೆ. ಸ್ಟೇರಿಂಗ್ ಹಿಡಿದಿದ್ದಾಗ ತಲೆ ಮಂಕಾಗಿ, ಹೇಗೋ ಮನೆ ಸೇರಿ, ಯಾರಿಗೂ ಹೇಳದೆ ಮಲಗಿ ಎದ್ದವರು ಇವರಲ್ಲಿ ಯಾರಾದರೂ ಇದ್ದಾರೆಯೇ ಎಂದು. ಇರಲೇಬೇಕು. ಕೇಳಲು ಬಾಯಿ ಬರುವುದಿಲ್ಲ. ಅವರಿಗೆಂದು ಬರೆಯುತ್ತಿದ್ದೇನೆ. ಓದಿದರೆ ಧೈರ್ಯ ಬರುತ್ತದೆ ಎಂದೇನೂ ನಾನು ಹೇಳುವುದಿಲ್ಲ, ಏಕೆಂದರೆ ನನಗೇ ಬಂದಿಲ್ಲ.

ನಾವು ನೆರೂಳಿನವರು. ನಾನು ಕಾರ್ಕಳದ ಕಡೆಯಿಂದ ಮದುವೆಯಾಗಿ ಇಲ್ಲಿಗೆ ಬಂದವಳು. ಇವರು ತುರ್ಭೆಯ ಒಂದು ಕಂಪನಿಯ ಸ್ಟೋರ್ಸಿನಲ್ಲಿ ಕೆಲಸಕ್ಕಿದ್ದಾರೆ. ಕಾರು ಕೊಂಡವರು ಇವರು. ಕೊಂಡದ್ದಷ್ಟೇ. ಗೇಟಿನ ಕಂಬಕ್ಕೆ ಒಮ್ಮೆ ಉಜ್ಜಿದ ಮೇಲೆ, ಭಾನುವಾರ ಅದನ್ನು ತೊಳೆಯುವುದು ಮಾತ್ರ ತಮ್ಮ ಕೆಲಸ ಎಂದು ನಿರ್ಧರಿಸಿಬಿಟ್ಟರು. ಅದು ಮುಸುಕು ಹೊದ್ದು ಮಲಗಿರುವುದನ್ನು ನೋಡಿ ನೋಡಿ ಸಾಕಾಗಿ, ನಲವತ್ತು ದಾಟಿದ ಮೇಲೆ ನಾನು ಡ್ರೈವಿಂಗ್ ಕ್ಲಾಸಿಗೆ ಸೇರಿದೆ. ಕಲಿತೆ, ಚೆನ್ನಾಗಿಯೇ ಕಲಿತೆ. ಯಾರ ಒತ್ತಾಯವೂ ಇಲ್ಲದೆ ನನ್ನಷ್ಟಕ್ಕೆ ನಾನು ಕಲಿತ ವಿದ್ಯೆ ಅದೊಂದೇ. ಮಂಡಳಿಯ ಹೆಂಗಸರು ನನ್ನನ್ನು ಡ್ರೈವರಕ್ಕ ಎಂದು ಕರೆಯತೊಡಗಿದರು. ಡೊಂಬಿವಲಿಯಲ್ಲಿ ಭಜನೆ ಇರಲಿ, ಕಲ್ಯಾಣದಲ್ಲಿ ಪೂಜೆ ಇರಲಿ, ಹಾರ್ಮೋನಿಯಂ ಡಿಕ್ಕಿಯಲ್ಲಿ, ಹೆಂಗಸರು ಹಿಂದೆ, ಸರೋಜಕ್ಕ ನನ್ನ ಪಕ್ಕದಲ್ಲಿ.

ಸರೋಜಕ್ಕ ನಮ್ಮ ಎದುರಿನ ಬಿಲ್ಡಿಂಗಿನವರು, ನನಗಿಂತ ಒಂದು ಹತ್ತು ವರ್ಷ ದೊಡ್ಡವರು. ಉಡುಪಿಯ ಹತ್ತಿರದವರು. ಗಂಡ ಬೇಲಾಪುರದಲ್ಲಿ ಕ್ಯಾಂಟೀನು ನಡೆಸುತ್ತಿದ್ದರು. ಅವರು ತೀರಿಕೊಂಡ ಮೇಲೆ ಮಗ, ಸೊಸೆ, ಮೊಮ್ಮಗನ ಜೊತೆ ಇದ್ದಾರೆ. ನಾವಿಬ್ಬರೂ ಮಾತಾಡುವುದು ಅರ್ಧ ತುಳು, ಅರ್ಧ ಕನ್ನಡ; ಇಲ್ಲಿ ಎಲ್ಲವನ್ನೂ ಕನ್ನಡದಲ್ಲೇ ಬರೆಯುತ್ತೇನೆ. ನೈವೇದ್ಯದ ಎಳ್ಳಿನ ಪಂಚಕಜ್ಜಾಯ ಮಾಡುವುದು ಅವರ ಪಾಲಿನ ಸೇವೆ. ಎಳ್ಳು, ಬೆಲ್ಲ, ತೆಂಗಿನತುರಿ ಬೆರೆಸಿ ದುಂಡಗಿನ ಸ್ಟೀಲ್ ಡಬ್ಬಿಗೆ ತುಂಬಿ, ಒಗೆದ ಬಟ್ಟೆಯಲ್ಲಿ ಕಟ್ಟಿ, ಮಡಿಲಲ್ಲಿಟ್ಟುಕೊಂಡು ಕೂರುತ್ತಿದ್ದರು. ಸೀಟ್ ಬೆಲ್ಟ್ ಡಬ್ಬಿಗೆ ತಾಗುತ್ತದೆ ಎಂದು ಅದನ್ನು ಬೆನ್ನ ಹಿಂದೆ ಎಳೆದು ಸಿಕ್ಕಿಸುತ್ತಿದ್ದರು. ಹಾಗೆ ಮಾಡಿದರೆ ಕಾರು ಕೂಗುವುದಿಲ್ಲವಲ್ಲ. ನಾನು ಒಮ್ಮೊಮ್ಮೆ ಗೊಣಗುತ್ತಿದ್ದೆ.

"ದೇವರ ನೈವೇದ್ಯಕ್ಕೆ ಪಟ್ಟಿ ಬಿಗಿಯಲಿಕ್ಕೆ ಆಗ್ತದಾ ಮಾರಾಯ್ತಿ? ನೀನು ಸೀದಾ ನೋಡಿ ಬಿಡು," ಎನ್ನುತ್ತಿದ್ದರು.

ನಮ್ಮದು ಶನಿವಾರದ ಮಂಡಳಿ. ಸಂಜೆ ಶನಿದೇವರ ಪೂಜೆ, ಭಜನೆ, ಮಂಗಳಾರತಿ. ಅದಾಗಿ ಪ್ರಸಾದ ಬಾಯಿಗೆ ಬೀಳುವ ತನಕ ಉಪವಾಸ. ಮಧ್ಯಾಹ್ನ ಒಂದು ಲೋಟ ನೀರು, ತೀರಾ ಸೋತವರಿಗೆ ಕಪ್ಪು ಚಹಾ. ನನಗೆ ಆಗ ತಾನೇ ಇನ್ಸುಲಿನ್ ಸೂಜಿ ಶುರುವಾಗಿತ್ತು. ಸೂಜಿ ಒಂದು ದಿನವೂ ತಪ್ಪಿಸಬೇಡಿ ಎಂದು ನಮ್ಮ ಸೆಕ್ಟರಿನ ಡಾಕ್ಟರು ಹೇಳಿದ್ದರು. ತಪ್ಪಿಸಲಿಲ್ಲ. ಶನಿವಾರ ಬೆಳಿಗ್ಗೆಯೂ ಸ್ನಾನ ಮಾಡಿ, ದೀಪ ಹಚ್ಚಿ, ಹೊಟ್ಟೆಗೆ ಚುಚ್ಚಿಕೊಳ್ಳುತ್ತಿದ್ದೆ. ಸೂಜಿ ಊಟವಲ್ಲವಲ್ಲ, ಉಪವಾಸ ಮುರಿಯುವುದಿಲ್ಲ ಎಂಬುದು ನನ್ನ ಲೆಕ್ಕ. ಚುಚ್ಚಿಕೊಂಡ ಮೇಲೆ ತಿನ್ನಲೇಬೇಕು ಎಂದೂ ಅವರು ಹೇಳಿದ್ದಿರಬಹುದು. ಹೇಳಿರಲೇಬೇಕು. ನನ್ನ ಕಿವಿಗೆ ಅದು ಬಿದ್ದಿರಲಿಲ್ಲ.

ಮೊದಲ ಸಲ ಅದು ಬಂದದ್ದು ಠಾಣೆಯ ವರ್ತಕ ನಗರದಲ್ಲಿ, ಒಂದು ಬಿಲ್ಡಿಂಗಿನ ಕೆಳಗಿನ ಹಾಲಿನಲ್ಲಿ, ಮಂಗಳಾರತಿಯ ಹೊತ್ತಿಗೆ. ಕೈ ನಡುಗತೊಡಗಿತು. ಬೆವರು ಇಳಿದು ರವಿಕೆ ತೊಯ್ದು ಹೋಯಿತು. ಗಂಟೆಯ ಸದ್ದು ಎಲ್ಲೋ ದೂರದಿಂದ ಕೇಳುತ್ತಿತ್ತು. ಗಾಳಿ ಬೇಕು ಅನ್ನಿಸಿ, "ಬಾಗಿಲು ತೆಗೆಯಿರಿ" ಎಂದೆನಂತೆ, ನನ್ನದಲ್ಲದ ದಪ್ಪ ಸ್ವರದಲ್ಲಿ. ತಾಳಗಳು ನಿಂತವು. ಸರೋಜಕ್ಕ ಮೊದಲು ಕೈ ಮುಗಿದವರು. ಊರಿನಲ್ಲಿ ಅವರ ಅತ್ತೆಗೆ ದರ್ಶನ ಬರುತ್ತಿತ್ತು. ಮೈಮೇಲೆ ಬಂದವರನ್ನು ಹೇಗೆ ನೋಡಿಕೊಳ್ಳಬೇಕೆಂದು ಅವರಿಗೆ ಗೊತ್ತಿತ್ತು. ಸೆರಗಿನಿಂದ ಗಾಳಿ ಬೀಸಿದರು. ಆರತಿ ಮುಗಿದದ್ದೇ, ಪ್ರಸಾದದ ಪಂಚಕಜ್ಜಾಯವನ್ನು ಚಿಟಿಕೆ ಚಿಟಿಕೆಯಾಗಿ ನನ್ನ ಬಾಯಿಗೆ ಹಾಕಿದರು. ಸ್ವಲ್ಪ ಹೊತ್ತಿಗೆ ನಡುಕ ನಿಂತಿತು. ಕಣ್ಣು ಬಿಟ್ಟರೆ ಹೆಂಗಸರೆಲ್ಲ ನನ್ನ ಕಾಲ ಬಳಿ ಕೂತಿದ್ದರು.

"ಪ್ರಸಾದ ಬಾಯಿಗೆ ಬಿದ್ದದ್ದೇ ಇಳೀತು ನೋಡಿ," ಎಂದರು ಸರೋಜಕ್ಕ.

ಎಷ್ಟು ಸರಿಯಾಗಿ ಹೇಳಿದ್ದರು! ಬೆಲ್ಲ ತಿಂದರೆ ಇಳಿಯುವ ನಡುಕ ಯಾವುದೆಂದು ಅಲ್ಲಿ ಮಾತ್ರೆ ನುಂಗುತ್ತಿದ್ದ ಒಬ್ಬಳಿಗೂ ಹೊಳೆಯಲಿಲ್ಲ. ನನಗೂ ಹೊಳೆಯಲಿಲ್ಲ. ಮಾರಾಟವಾಗದೆ ಬಿದ್ದಿದ್ದ ಮಂಡಳಿಯ ಒಬ್ಬರ ಫ್ಲ್ಯಾಟು ಮುಂದಿನ ತಿಂಗಳೇ ಮಾರಿಹೋಯಿತು. ಬಾಗಿಲು ತೆಗೆಯಿರಿ ಎಂದು ದೇವರೇ ಹೇಳಿದ್ದರಲ್ಲ! ಆಮೇಲೆ ಅದು ಮತ್ತೆ ಮತ್ತೆ ಬಂತು, ಶನಿವಾರಗಳಂದೇ. ಮದುವೆಯಾಗದ ಮಗಳ ಚಿಂತೆ, ಊರಿನ ಜಾಗದ ತಕರಾರು ಎಂದು ಹೆಂಗಸರು ನನ್ನೆದುರು ಕಾದು ಕೂರತೊಡಗಿದರು. ಸುಳ್ಳು ಯಾಕೆ ಹೇಳಲಿ, ಹಿತವಾಗಿತ್ತು. ಮನೆಯಲ್ಲಿ ನಾನು ಪಲ್ಯಕ್ಕೆ ಉಪ್ಪು ಸಾಕಾ ಎಂದು ಕೇಳಿದರೆ ಫೋನಿನಿಂದ ತಲೆ ಎತ್ತುವವರಿಲ್ಲ. ಇಲ್ಲಿ ನಾನು ಏದುಸಿರು ಬಿಟ್ಟರೂ ಅದಕ್ಕೊಂದು ಅರ್ಥವಿತ್ತು.

ಮಗಳು ಶ್ರಾವ್ಯಾ ಮಾತ್ರ ಒಂದು ಸಲ ಹೇಳಿದ್ದಳು. ಅವಳಿಗೆ ಕನ್ನಡ ಅರ್ಥವಾಗುತ್ತದೆ, ಉತ್ತರ ಬರುವುದು ಹಿಂದಿಯಲ್ಲಿ. "ಮಮ್ಮಿ, ಏಕ್ ಬಾರ್ ಡಾಕ್ಟರ್ ಕೋ ದಿಖಾ ದೋ ನಾ." ಡಾಕ್ಟರಿಗೆ ತೋರಿಸುವುದಂತೆ, ದೇವರನ್ನು! ಇವರು ಅವಳನ್ನು ಗದರಿದರು.

ಆ ಶನಿವಾರವೂ ವರ್ತಕ ನಗರದಲ್ಲೇ ಪೂಜೆ. ಹಿಂದೆ ಕೂರಬೇಕಾದ ಹೆಂಗಸರು ಯಾವುದೋ ಕಾರಣಕ್ಕೆ ಲೋಕಲ್ ಟ್ರೈನಿನಲ್ಲಿ ಹೋದರು. ಹಿಂದಿನ ಸೀಟು ಖಾಲಿ ಇದ್ದದ್ದೇ ಆ ದಿನ ನನಗೆ ಸಿಕ್ಕ ಕರುಣೆ, ಇವತ್ತಿಗೂ ಅದನ್ನು ನೆನೆದು ಕೈ ಮುಗಿಯುತ್ತೇನೆ. ಬಿಸಿಲು ಜೋರಿತ್ತು. ಠಾಣೆ-ಬೇಲಾಪುರ ರಸ್ತೆಯಲ್ಲಿ ಘಣಸೋಲಿ ದಾಟಿದ್ದು ನೆನಪಿದೆ. ಮುಂದಿದ್ದ ಲಾರಿಯ ಹಿಂದೆ ಏನೋ ಬರೆದಿತ್ತು. ಅದನ್ನು ಓದಲು ಹೊರಟರೆ ಅಕ್ಷರಗಳು ಗೊತ್ತಿವೆ, ಶಬ್ದವಾಗುತ್ತಿಲ್ಲ. ಬ್ರೇಕು ಎಂಬುದು ಯಾವ ಕಾಲಿನ ಕೆಲಸ ಎಂದು ಯೋಚಿಸಿದ್ದು ನೆನಪಿದೆ. ಹೆದರಿಕೆಯೇ ಆಗಲಿಲ್ಲ. ಅದೇ ನನ್ನನ್ನು ಈಗ ಹೆದರಿಸುವುದು.

ಉಳಿದದ್ದನ್ನು ಹೇಳಿದವರು ಸರೋಜಕ್ಕ. ನನ್ನ ಕೈ ನಡುಗಿದ್ದು, ಕುತ್ತಿಗೆಯಿಂದ ಬೆವರು ಇಳಿದದ್ದು, ಕಣ್ಣು ಅಗಲವಾಗಿದ್ದು ಎಲ್ಲವನ್ನೂ ಅವರು ಕಂಡರು. ಕಂಡು, ಡಬ್ಬಿಯನ್ನು ಮಡಿಲಲ್ಲಿ ಒತ್ತಿ ಹಿಡಿದು, ಅದರ ಮೇಲೆಯೇ ಕೈ ಮುಗಿದರು. ಕಾರು ಓರೆಯಾಗಿ ರಸ್ತೆಯಂಚಿಗೆ ಹೋಗಿ, ನಿಂತಿದ್ದ ನೀರಿನ ಟ್ಯಾಂಕರಿನ ಹಿಂಬದಿಗೆ ಎಡಗಡೆಯಿಂದ ನುಗ್ಗಿತು. ಅವರು ಕೂತಿದ್ದ ಕಡೆಯಿಂದ.

ಗಟಾರದ ಕೆಲಸಕ್ಕೆ ಬಂದಿದ್ದ ಕೂಲಿಯವರು ಓಡಿ ಬಂದು ಬಾಗಿಲು ಕಿತ್ತರು. ಸರೋಜಕ್ಕ "ಅಯ್ಯೋ ದೇವರೇ" ಎಂದು ಕೂಗುತ್ತಿದ್ದರು. ಅದನ್ನು ಕೇಳಿ ಒಬ್ಬಳು ಹತ್ತಿರ ಬಂದಳು. ಸಿಂದಗಿಯ ಕಡೆಯ ಮಲ್ಲಮ್ಮ ಎಂದು ಆಮೇಲೆ ತಿಳಿಯಿತು. "ಅಕ್ಕಾರ, ಹೆದರಬ್ಯಾಡ್ರಿ, ನಾ ಇಲ್ಲೇ ಅದೀನ್ರಿ," ಎಂದು ಅವರ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡಳಂತೆ. ನಾನು ಏನೇನೋ ತೊದಲುತ್ತ, ಹಿಡಿಯಲು ಬಂದವರನ್ನು ತಳ್ಳುತ್ತಿದ್ದೆ. ಪೊಲೀಸಿನವನು ನನ್ನ ಮುಖದ ಹತ್ತಿರ ಮೂಗು ತಂದು, "ದಾರು ಪ್ಯಾಲೀ ಆಹೇ ಕಾಯ್ ಹೀ?" ಎಂದು ಸುತ್ತಲಿನವರನ್ನು ಕೇಳಿದ. ಇವಳು ಕುಡಿದಿದ್ದಾಳಾ ಎಂದು. ಹೌದು ಎಂದವರೇ ಹೆಚ್ಚು. ರಸ್ತೆಯವರಿಗೆ ನಾನು ಕುಡುಕಿಯಾಗಿ ಕಂಡೆ, ಭಜನೆಯವರಿಗೆ ದೇವರಾಗಿ ಕಂಡಿದ್ದೆ. ರೋಗಿಯಾಗಿ ಯಾರಿಗೂ ಕಾಣಲಿಲ್ಲ.

ಆಸ್ಪತ್ರೆಯಲ್ಲಿ ನರ್ಸು ಬೆರಳು ಚುಚ್ಚಿ ನೋಡಿ ಕೂಗಿಕೊಂಡಳು. ಗ್ಲೂಕೋಸ್ ಏರಿಸಿದರು. ಮುಳುಗಿದ್ದವಳನ್ನು ಜುಟ್ಟು ಹಿಡಿದು ಎತ್ತಿದ ಹಾಗೆ ನಾನು ಎದ್ದೆ. ಹಣೆಗೆ ಹೊಲಿಗೆ, ಬೆಲ್ಟಿನ ಗಾಯ, ಮತ್ತೇನಿಲ್ಲ. ಕೂದಲಿನಲ್ಲಿ ಎಳ್ಳು, ತೆಂಗಿನತುರಿ ಅಂಟಿತ್ತು. "ಸರೋಜಕ್ಕ ಎಲ್ಲಿ?" ಎಂದೆ. ಪರದೆಯ ಆಚೆಯಿಂದ ಅವರ ಕೂಗು ಕೇಳಿತು. ಆ ಕೂಗನ್ನು ನಾನು ಬರೆಯಲಾರೆ.

ಸೊಂಟದ ಕೀಲು, ತೊಡೆಯ ಎಲುಬು ಎರಡೂ ಪುಡಿಯಾಗಿದ್ದವು, ಕಾಲಿನ ನರಕ್ಕೂ ಏಟಾಗಿತ್ತು. ಆಪರೇಶನ್ ಆಯಿತು, ಗಾಯ ಕೀವಾಯಿತು, ಮತ್ತೆ ಆಪರೇಶನ್ ಆಯಿತು. ಆಪರೇಶನ್ ಥಿಯೇಟರಿನ ಹೊರಗಿನ ಕಬ್ಬಿಣದ ಬೆಂಚಿನ ಒಂದು ತುದಿಯಲ್ಲಿ ಅವರ ಮಗ ಕೂರುತ್ತಿದ್ದ, ಇನ್ನೊಂದು ತುದಿಯಲ್ಲಿ ನಾನು. ಅವನು ನನ್ನನ್ನು ಬೈಯಲಿಲ್ಲ. ಚಹಾ ತಂದರೆ ನನಗೂ ಒಂದು ತರುತ್ತಿದ್ದ, ಕೈಗೆ ಕೊಡದೆ ಬೆಂಚಿನ ಮೇಲೆ ಇಡುತ್ತಿದ್ದ. ಸಕ್ಕರೆ ಹಾಕಿದ ಚಹಾ. ಕೊನೆಗೆ ಡಾಕ್ಟರು ಬಂದು, ಇನ್ನು ನಿಲ್ಲಿಸುವುದು ಕಷ್ಟ, ಕೂರಿಸಿದರೆ ದೊಡ್ಡದು ಎಂದರು. ವರ್ತಕ ನಗರದಿಂದ ನೆರೂಳಿನ ತನಕ ಪ್ರತಿ ಮನೆಯ ಮೆಟ್ಟಿಲು ಹತ್ತಿ ಪೂಜೆಗೆ ಕರೆದು ಬರುತ್ತಿದ್ದ ಸರೋಜಕ್ಕ.

ಹಣೆಯ ಹೊಲಿಗೆ ಒಣಗಿದ ಮೇಲೆ ನನ್ನನ್ನು ವಾಶಿಯ ಒಬ್ಬ ಡಾಕ್ಟರ ಹತ್ತಿರ ಕಳಿಸಿದರು. ಮರಾಠಿ ಹೆಂಗಸು, ನನ್ನದೇ ವಯಸ್ಸು. ಹಿಂದೆಯೂ ಹೀಗೆ ನಡುಕ, ಬೆವರು ಬಂದದ್ದುಂಟೇ ಎಂದು ಕೇಳಿದರು. ನಾನು ಬಾಯಿ ಬಿಡುವ ಮೊದಲು ಜೊತೆಗೆ ಬಂದಿದ್ದ ಇವರೇ ಹೇಳಿದರು: "ಹೋ, ಬಹುತ್ ಬಾರ್. ಲೇಕಿನ್ ವೋ ಅಲಗ್ ಹೈ. ಇವಳ ಮೈಮೇಲೆ ದೇವರು ಬರ್ತಾರೆ, ಶನಿವಾರ." ಬಹಳ ಸಲ ಬಂದಿದೆ, ಆದರೆ ಅದು ಬೇರೆ ಎಂದು. ಗಾಬರಿಯಲ್ಲಿ ಇವರಿಗೆ ಮರಾಠಿ, ಹಿಂದಿ, ಕನ್ನಡ ಮೂರೂ ಕಲಸಿ ಹೋಗುತ್ತದೆ.

ಡಾಕ್ಟರು ಪೆನ್ನು ಕೆಳಗಿಟ್ಟರು. ನಗಲಿಲ್ಲ. ನಕ್ಕಿದ್ದರೆ ಒಳ್ಳೆಯದಿತ್ತು, ನಾನು ಜಗಳವಾಡಬಹುದಿತ್ತು. "ಉಪವಾಸ ಯಾವ ದಿನ?" ಎಂದರು.

"ಶನಿವಾರ," ಎಂದೆ.

"ಆ ದಿನ ಇನ್ಸುಲಿನ್?"

"ತಪ್ಪಿಸುವುದೇ ಇಲ್ಲ ಮೇಡಂ." ಎಷ್ಟು ಹೆಮ್ಮೆಯಿಂದ ಹೇಳಿದೆ ಎಂದು ನೆನೆದರೆ ಈಗಲೂ ಮುಖ ಬಿಸಿಯಾಗುತ್ತದೆ.

ಅವರು ಇನ್ನೂ ಏನೇನೋ ಹೇಳಿದರು. ನನ್ನ ಮೈ ಮತ್ತೆ ಮತ್ತೆ ಹೀಗೆ ಇಳಿದು ಇಳಿದು, ಎಚ್ಚರಿಕೆ ಕೊಡುವುದನ್ನೇ ಮರೆಯತೊಡಗಿದೆಯಂತೆ. ಮುಂದೆ ನಡುಕವೂ ಬಾರದಿರಬಹುದು, ಬೆವರೂ ಬಾರದಿರಬಹುದು, ಸೀದಾ ಕತ್ತಲೆ. ಕಾರು ಮುಟ್ಟಬೇಡಿ ಎಂದರು. ಮುಟ್ಟಲು ಕಾರಾದರೂ ಎಲ್ಲಿತ್ತು? ನಾನು ಅವರ ಮೇಜಿನ ಗಾಜನ್ನು ನೋಡುತ್ತ ಕೂತಿದ್ದೆ. ಎದುರು ಕಾದು ಕೂತ ಹೆಂಗಸರು, ಫ್ಲ್ಯಾಟಿನ ಬಾಗಿಲು, ಕಾಲು ಮುಟ್ಟಿದ ಕೈಗಳು ಎಲ್ಲ ಒಂದೊಂದಾಗಿ ಎದ್ದು ಹೋದವು. ದೇವರು ಬಂದಿದ್ದಾನೆಂದು ತಿಳಿದಿದ್ದ ಹೊತ್ತಿನಲ್ಲೆಲ್ಲ ನಾನು ಸಾಯಲು ಹೊರಟಿದ್ದೆ. ಹೊರಗೆ ಬಂದು ಇವರು ಲಿಫ್ಟಿನೆದುರು ಗೋಡೆಗೆ ಒರಗಿ ಅತ್ತರು. ಅವರು ಅತ್ತದ್ದನ್ನು ನಾನು ಅದೇ ಮೊದಲು ನೋಡಿದ್ದು. ನನಗೆ ಅಳು ಬರಲಿಲ್ಲ.

ಶ್ರಾವ್ಯಾ "ಮೈನೇ ಬೋಲಾ ಥಾ" ಎನ್ನಲಿಲ್ಲ. ನಾನು ಹೇಳಿದ್ದೆ ಎಂದು ಒಂದೇ ಒಂದು ಸಲ ಅಂದುಬಿಟ್ಟಿದ್ದರೆ ಮನೆಯಲ್ಲಿ ಗಾಳಿ ಆಡುತ್ತಿತ್ತು. ಅದರ ಬದಲು ನನ್ನ ಪ್ರತಿ ಚೀಲದಲ್ಲೂ, ಪ್ರತಿ ದಿಂಬಿನ ಕೆಳಗೂ ಗ್ಲೂಕೋಸ್ ಪುಡಿಯ ಪೊಟ್ಟಣ ತುರುಕಿದಳು. ನಾನು ಸ್ನಾನದ ಕೋಣೆಯಲ್ಲಿ ಸ್ವಲ್ಪ ತಡ ಮಾಡಿದರೆ ಬಾಗಿಲು ತಟ್ಟುತ್ತಾಳೆ. "ಮಮ್ಮಿ? ಬೋಲೋ ಕುಛ್." ಏನಾದರೂ ಹೇಳಬೇಕು. ಬದುಕಿದ್ದೇನೆ ಎನ್ನುತ್ತೇನೆ. ಮಂಡಳಿಯಲ್ಲಿ ಕೆಲವರು ನಾನು ಏನೋ ಮೈಲಿಗೆ ಮಾಡಿದ್ದಕ್ಕೆ ಶನಿ ಮುನಿದ ಎಂದರಂತೆ. ಉಳಿದವರು ಫೋನು ಮಾಡುವುದನ್ನು ಬಿಟ್ಟರು.

ಸರೋಜಕ್ಕನನ್ನು ಮನೆಗೆ ತಂದ ಮೇಲೆ ನಾನು ಹೋದೆ. ರಸ್ತೆ ದಾಟಿದರೆ ಅವರ ಮನೆ. ಅಷ್ಟು ದಾಟಲು ನನಗೆ ಎಷ್ಟೋ ದಿನ ಬೇಕಾಯಿತು. ನನಗೆ ಬೇಕಾದದ್ದು ಒಂದೇ ಆಗಿತ್ತು. ಎಲ್ಲವನ್ನೂ ಹೇಳಬೇಕು, ಅವರು ನನ್ನನ್ನು ಬಾಯಿಗೆ ಬಂದ ಹಾಗೆ ಬೈಯಬೇಕು, ಆಗುವುದಾದರೆ ಹೊಡೆಯಬೇಕು. ಸೊಸೆ ಬಾಗಿಲು ತೆಗೆದು ಮುಖ ತಿರುಗಿಸಿದಳು. ಸರೋಜಕ್ಕ ಕಿಟಕಿಯ ಬಳಿಯ ಮಂಚದಲ್ಲಿ ನೈಟಿಯಲ್ಲಿ ಮಲಗಿದ್ದರು, ಅರ್ಧಕ್ಕರ್ಧ ಇಳಿದಿದ್ದರು. ನನ್ನನ್ನು ಕಂಡದ್ದೇ ಎರಡೂ ಕೈ ಎತ್ತಿ ಮುಗಿದರು.

"ಬಾ, ಬಾ. ಕೈ ತಾ ಇಲ್ಲಿ," ಎಂದು ನನ್ನ ಕೈ ಹಿಡಿದು ತಮ್ಮ ತೊಡೆಯ ಮೇಲೆ ಇಟ್ಟುಕೊಂಡರು. ಹೊದಿಕೆಯ ಕೆಳಗೆ ಕಾಲು ಕಟ್ಟಿಗೆಯ ಹಾಗಿತ್ತು.

"ಸರೋಜಕ್ಕ, ಅದು ದೇವರಲ್ಲ. ನನಗೆ ಸಕ್ಕರೆ ಇಳಿದದ್ದು. ಉಪವಾಸ ಕೂತು ಸೂಜಿ ಚುಚ್ಚಿಕೊಂಡಿದ್ದೆ. ಡಾಕ್ಟ್ರು ಹೇಳಿದ್ರು."

"ಸಕ್ಕರೆ ಅಂತೆ!" ಅವರು ನಕ್ಕರು. "ಡಾಕ್ಟ್ರಿಗೆ ಎಂತ ಗೊತ್ತುಂಟು? ನಾನು ಕಣ್ಣಾರೆ ಕಂಡಿದ್ದೇನೆ ಮಾರಾಯ್ತಿ. ನಿನ್ನ ಮುಖದಲ್ಲಿ ನಮ್ಮತ್ತೆಯ ಹಾಗೇ ಕಳೆ ಇತ್ತು. ದೇವರು ಬಂದ ಮೇಲೆ ಸ್ಟೇರಿಂಗಿಗೆ ಕೈ ಹಾಕಲಿಕ್ಕೆ ನಾನು ಯಾರು?"

"ನಿಮ್ಮ ಕಾಲು ಹೋಯ್ತಲ್ಲ ಸರೋಜಕ್ಕ."

"ಜೀವ ಉಳೀತಲ್ಲ. ನನಗೆ ಎಂತದೋ ದೊಡ್ಡದು ಬರುವುದಿತ್ತು, ಅವನು ಕಾಲಿನಲ್ಲೇ ಮುಗಿಸಿದ. ನೀನು ತಲೆ ಕೆಡಿಸಿಕೊಳ್ಳಬೇಡ." ಆಮೇಲೆ ತಾವಾಗಿಯೇ, ಏನೋ ಒಳ್ಳೆಯ ಸುದ್ದಿ ಹೇಳುವವರ ಹಾಗೆ ಹೇಳಿದರು: "ಡಬ್ಬಿ ಕೂಡ ನಾನು ಕೊನೆಯ ತನಕ ಬಿಡಲಿಲ್ಲ ಗೊತ್ತುಂಟಾ? ನೈವೇದ್ಯ ಆಗದ್ದು, ನೆಲಕ್ಕೆ ಬೀಳಬಾರದು ಅಂತ ಗಟ್ಟಿ ಹಿಡ್ಕೊಂಡಿದ್ದೆ."

ಬೆಲ್ಲದ ಡಬ್ಬಿ. ನನ್ನ ಬಾಯಿಗೆ ಒಂದು ಚಿಟಿಕೆ ಬಿದ್ದಿದ್ದರೆ ಸಾಕಿತ್ತು, ಮತ್ತು ಅದು ಆ ಇಡೀ ದಾರಿ ನನ್ನ ಪಕ್ಕದಲ್ಲೇ, ಸರೋಜಕ್ಕನ ಕೈಯಲ್ಲೇ ಇತ್ತು. ನಾನು ನನ್ನ ಮಾತನ್ನು ಅವರಿಗೆ ನಂಬಿಸಿದರೆ ಅವರು ಮೊದಲು ನನ್ನನ್ನು ಬೈಯುತ್ತಾರೆ. ಆಮೇಲೆ ಯಾವತ್ತೋ ಒಂದು ದಿನ ಮಲಗಿದಲ್ಲೇ ಆ ಡಬ್ಬಿಯ ನೆನಪಾಗುತ್ತದೆ. ಕಾಲು ಕಳೆದುಕೊಂಡವರ ತಲೆಯ ಮೇಲೆ ಅದನ್ನೂ ಹೊರಿಸಲೇ? ಇದು ಅವರಿಗೆ ಗೊತ್ತಾಗಲೇಬಾರದು ಎಂದು ಅಲ್ಲಿಯೇ, ಅವರ ತೊಡೆಯ ಮೇಲೆ ಕೈ ಇಟ್ಟುಕೊಂಡೇ ನಿಶ್ಚಯಿಸಿದೆ. "ಹೌದು ಸರೋಜಕ್ಕ," ಎಂದೆ. ಯಾವುದಕ್ಕೆ ಹೌದು ಎಂದೆನೋ.

ಆಮೇಲಿನ ತಿಂಗಳುಗಳನ್ನು ನಾನು ಹೇಗೆ ಕಳೆದೆನೆಂದು ಕೇಳಬೇಡಿ. ವಾರಕ್ಕೊಮ್ಮೆ ಹೋಗುತ್ತಿದ್ದೆ. ಅವರು ನನ್ನ ಕೈಯನ್ನು ಕಾಲಿನ ಮೇಲೆ ಇಟ್ಟುಕೊಂಡು ಕಣ್ಣು ಮುಚ್ಚುತ್ತಿದ್ದರು. ಇವತ್ತು ಬೆರಳು ಸ್ವಲ್ಪ ಬಿಸಿಯಾದ ಹಾಗೆ ಉಂಟು ಎನ್ನುತ್ತಿದ್ದರು. ದೇವರಲ್ಲ ಎಂದು ಗೊತ್ತಿದ್ದೂ ದೇವರ ಹಾಗೆ ಕೂರುವುದು ಎಂಥ ಶಿಕ್ಷೆಯೆಂದು ನನಗೆ ಗೊತ್ತಾಯಿತು. ಮನೆಗೆ ಬಂದು ಕೈ ತೊಳೆಯುತ್ತಿದ್ದೆ, ಮತ್ತೆ ತೊಳೆಯುತ್ತಿದ್ದೆ. ಬಸ್ಸಿನ ಹಾರ್ನ್ ಕೇಳಿದರೂ ಎದೆ ಹಾರುತ್ತಿತ್ತು. ಊಟ ಬೇಡವಾಗುತ್ತಿತ್ತು, ಊಟ ಬಿಡುವಂತೆಯೂ ಇರಲಿಲ್ಲ. ಉಳಿದವರಿಗೆ ದುಃಖವಾದರೆ ಒಂದು ಹೊತ್ತು ಹಸಿದು ಕೂರುವ ಸ್ವಾತಂತ್ರ್ಯವಾದರೂ ಇರುತ್ತದೆ.

ಮೊನ್ನೆ ವಾಶಿಯಲ್ಲಿ ಡಾಕ್ಟರ ಹತ್ತಿರ ಸರದಿ ಬಹಳ ತಡವಾಯಿತು. ಹಸಿವೆ ಗೊತ್ತಾಗಲಿಲ್ಲ, ಗೊತ್ತಾಗುವುದಿಲ್ಲ ಎಂದೇ ಅವರು ಹೇಳಿದ್ದು. ಟ್ರೈನು ಹತ್ತಿ ನೆರೂಳಿನಲ್ಲಿ ಇಳಿದು ಮನೆಗೆ ಹೋಗದೆ ಸೀದಾ ಸರೋಜಕ್ಕನ ಮನೆಗೆ ಹೋದೆ. ಸೊಸೆ ಬಾಗಿಲು ತೆಗೆದು, ಮಗುವನ್ನು ಸ್ಕೂಲ್ ಬಸ್ಸಿನಿಂದ ಕರೆದು ತರಲು ಕೆಳಗೆ ಹೋದಳು. ನಾನು ಮಂಚದ ಪಕ್ಕದ ಕುರ್ಚಿಯಲ್ಲಿ ಕೂತೆ. ಕಿಟಕಿಯ ಪರದೆಯ ಹೂವುಗಳನ್ನು ನೋಡುತ್ತಿದ್ದೆ. ಅಷ್ಟೇ ನೆನಪು.

ಮತ್ತೆ ನೆನಪು ಶುರುವಾಗುವುದು ನಾಲಿಗೆಯ ಮೇಲಿನ ಸಿಹಿಯಿಂದ. ನಾನು ನೆಲದಲ್ಲಿದ್ದೆ, ಮಂಚಕ್ಕೆ ಒರಗಿದ್ದೆ. ಸರೋಜಕ್ಕ ಮಂಚದ ಅಂಚಿಗೆ ಹೇಗೋ ಹೊರಳಿ, ಒಂದು ಕೈಯಲ್ಲಿ ನನ್ನ ಜುಟ್ಟು ಹಿಡಿದು, ಇನ್ನೊಂದು ಕೈಯ ಬೆರಳಿನಿಂದ ನನ್ನ ಕೆನ್ನೆಯೊಳಗೆ ಏನನ್ನೋ ಉಜ್ಜುತ್ತಿದ್ದರು. ಮೊಮ್ಮಗನ ಜಾಮ್. ಬೆಳಿಗ್ಗೆ ಬ್ರೆಡ್ಡಿಗೆ ಹಚ್ಚಿ ಸೊಸೆ ಅಲ್ಲೇ ಸ್ಟೂಲಿನ ಮೇಲೆ ಮರೆತು ಬಿಟ್ಟಿದ್ದ ಬಾಟಲಿ. ನೋವಿಗೆ ಅವರ ಮುಖ ಕಪ್ಪಾಗಿತ್ತು.

"ಬಂದ್ಯಾ? ಬಂದ್ಯಾ ಮಾರಾಯ್ತಿ?"

"ಬಂದೆ," ಎಂದೆ.

ಏದುಸಿರು ಬಿಡುತ್ತ ಅವರು ದಿಂಬಿಗೆ ಒರಗಿದರು. "ಮೊದಲು ಕೈ ಮುಗಿದೆ ನೋಡು. ಕಾದೆ. ನೀನು ಮಾತಾಡ್ಲಿಲ್ಲ, ನಡುಗ್ಲೂ ಇಲ್ಲ, ಗೋಣಿಚೀಲದ ಹಾಗೆ ಜಾರಿದ್ದು. ಸತ್ತೇ ಹೋದಿ ಅಂತ ಹೆದರಿದೆ. ಪ್ರಸಾದ ಇರಲಿಲ್ಲ, ನೀನು ಅವತ್ತು ಸಕ್ಕರೆ ಅಂದದ್ದು ನೆನಪಾಯ್ತು. ಇದು ಕೈಗೆ ಸಿಕ್ಕಿತು." ಬಾಟಲಿಯನ್ನು ಎತ್ತಿ ನೋಡಿದರು. ನಕ್ಕರು. "ಜಾಮಿಗೆ ಇಳಿಯುವ ದೇವರು ಯಾವುದು ಮಾರಾಯ್ತಿ?"

ನಾನೂ ನಕ್ಕೆ. ಎಷ್ಟೋ ಕಾಲದ ಮೇಲೆ ನಾವಿಬ್ಬರೂ ಒಟ್ಟಿಗೆ ನಕ್ಕದ್ದು. ಅವರ ನಗು ಮೊದಲು ನಿಂತಿತು. ಬಾಟಲಿಯನ್ನು ಮಡಿಲಲ್ಲಿ ಇಟ್ಟುಕೊಂಡರು, ಎರಡೂ ಕೈಗಳಿಂದ ಅದರ ಸುತ್ತ ಹಿಡಿದರು. ಹಾಗೆ ಹಿಡಿದುಕೊಂಡೇ ಕೆಳಗೆ ನೋಡಿದರು. ಆ ಕೈಗಳನ್ನು ಕಂಡಾಗ ನನಗೆ ಗೊತ್ತಾಯಿತು, ಮುಂದೇನು ಬರುತ್ತದೆಂದು.

"ಡಬ್ಬಿ ನನ್ನ ಮಡಿಲಲ್ಲೇ ಇತ್ತಲ್ಲ," ಎಂದರು.

"ಇಲ್ಲ ಸರೋಜಕ್ಕ."

"ಇತ್ತು. ಬೆಲ್ಲ ನಾನೇ ಹೆರೆದು ಹಾಕಿದ್ದು."

"ಅವತ್ತು ಬಂದದ್ದು ದೇವರೇ," ಎಂದೆ. ಅಷ್ಟು ಶನಿವಾರಗಳಲ್ಲಿ ಒಮ್ಮೆಯೂ ನನ್ನ ಬಾಯಿಂದ ನಾನು ಹೇಳಿರದ ಮಾತು. ಅವರ ಮೊಣಕಾಲು ಹಿಡಿದುಕೊಂಡು ಮತ್ತೆ ಹೇಳಿದೆ. "ದೇವರಾಣೆ, ದೇವರೇ ಬಂದಿದ್ದರು. ಇವತ್ತಿನದ್ದು ಬೇರೆ. ಡಾಕ್ಟ್ರಿಗೆ ಎಂತ ಗೊತ್ತುಂಟು?"

ನಾನು ಮೊಣಕಾಲು ಹಿಡಿದದ್ದು ಅವರಿಗೆ ಗೊತ್ತೂ ಆಗಲಿಲ್ಲ. ಕೆಳಗೆ ಸ್ಕೂಲ್ ಬಸ್ಸು ಬಂದು ನಿಂತ ಸದ್ದು ಕೇಳಿತು. ಅವರು ದಿಂಬಿನ ಪಕ್ಕದ ಬೈರಾಸು ತೆಗೆದು, ನನ್ನ ಗಲ್ಲಕ್ಕೆ ಅಂಟಿದ್ದ ಜಾಮನ್ನು ಒರೆಸಿದರು.

"ಊಟ ಮಾಡಿ ಬಂದಿದ್ದೀಯಾ?" ಎಂದು ಕೇಳಿದರು.